ದೂರಶಿಕ್ಷಣ: ಅತ್ತಿಬೆಲೆವರೆಗೆ ಮಾತ್ರ

ಚೆನ್ನೈನ ಎಗ್ಮೋರಿನಲ್ಲಿ 1896ರ ಕನ್ನೆಮರಾ ಗ್ರಂಥಾಲಯವಿದೆ. ದೇಶದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಕೈಯಿಂದ ಖರ್ಚು ಹಾಕಿ ಅಲ್ಲಿಗೆ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಮೈಸೂರಿನ ಕನ್ನಡ ಪುಸ್ತಕಕ್ಕೂ ವಿನಾಯಿತಿಯಿಲ್ಲ. ಆದರೆ ಅದೇ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಎಗ್ಮೋರಿನಲ್ಲಿ ಅಧ್ಯಯನ ಕೇಂದ್ರ ತೆರೆಯುವಂತಿಲ್ಲ. ಪುಸ್ತಕ ಗಡಿ ದಾಟದಿದ್ದರೆ ತಪ್ಪು, ಪಾಠ ಗಡಿ ದಾಟಿದರೆ ತಪ್ಪು. ದೂರಶಿಕ್ಷಣದ ದೂರ ತಮಿಳುನಾಡು ಗಡಿಯ ಅತ್ತಿಬೆಲೆ ಚೆಕ್‌ಪೋಸ್ಟಿಗೆ ಮುಗಿಯುತ್ತದೆ.

ಕಾರಣವೂ ಇದೆ ಅನ್ನಿ. 1996ರಲ್ಲಿ ಹುಟ್ಟಿದ ಈ ವಿ.ವಿ. ಹೊರರಾಜ್ಯಗಳ ಖಾಸಗಿ ಸಂಸ್ಥೆಗಳ ಕೈಗೆ ತಾಂತ್ರಿಕ ಕೋರ್ಸುಗಳನ್ನೂ ಕೊಟ್ಟು ಕೂತಿತು. 2015ರಲ್ಲಿ ಎಚ್ಚೆತ್ತ ಯುಜಿಸಿ, 2013-14ರಿಂದಲೇ ಮಾನ್ಯತೆಯಿಲ್ಲ ಎಂದಿತು. ತಪ್ಪು ಮಾಡಿದ್ದು ವಿ.ವಿ., ಫೇಲಾದದ್ದು ವಿದ್ಯಾರ್ಥಿ. ಮಾನ್ಯತೆ ಮರಳಿದ್ದು 2018ರಲ್ಲಿ.

ಇನ್ನು ದೂರಶಿಕ್ಷಣದ ಪಠ್ಯಕ್ರಮ ಯೋಜನೆ. ವಿಷಯಕೇಂದ್ರಿತ, ಉದ್ದೇಶಕೇಂದ್ರಿತ, ಕಲಿಕಾರ್ಥಿಕೇಂದ್ರಿತ ಎಂದು ವಿಧಾನಗಳಿಗೇನೂ ಬರವಿಲ್ಲ. ಮೊದಲು ಕಲಿಯುವವನನ್ನು ನೋಡಿ, ಅವನ ಸುತ್ತಲಿನ ಬದುಕನ್ನು ನೋಡಿ, ವಿಷಯತಜ್ಞರನ್ನೂ ಕೇಳಿ ಎಂದು ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರಲ್ಲೇ ಬರೆದಿದ್ದರು. ನಮ್ಮ ಪಠ್ಯಕ್ರಮ ಸಮಿತಿಗಳು ಟೈಲರ್ ಹೆಸರನ್ನು ಭಕ್ತಿಯಿಂದ ಸ್ಮರಿಸಿ, ತಜ್ಞರಿಂದ ಶುರುಮಾಡಿ, ತಜ್ಞರಲ್ಲೇ ಮುಗಿಸಿ ಊಟಕ್ಕೇಳುತ್ತವೆ. ಕಾಲೇಜಿನ ಸಿಲಬಸ್ಸಿನಲ್ಲಿ ‘ಅಧ್ಯಾಯ’ ಹೊಡೆದುಹಾಕಿ ‘ಘಟಕ’ ಎಂದು ಬರೆದರೆ ಸ್ವಯಂ ಕಲಿಕಾ ಸಾಮಗ್ರಿ ತಯಾರು. ಮೊದಲ ಪುಟದಲ್ಲಿ ‘ಈ ಘಟಕ ಓದಿದ ನಂತರ ನೀವು ವಿಶ್ಲೇಷಿಸಬಲ್ಲಿರಿ’ ಎಂಬ ಆಶೀರ್ವಾದ. ನಡುವೆ ‘ನಿಮ್ಮ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಿ’, ಕೆಳಗೆ ಎರಡು ಚುಕ್ಕಿಗೆರೆ. ಉತ್ತರ ಕೊನೆಯ ಪುಟದಲ್ಲಿ. ಓದುವವರು ಮೊದಲು ತೆರೆಯುವುದೂ ಅದನ್ನೇ.

ಲೆಕ್ಕದಲ್ಲಿ ಮಾತ್ರ ಸಮಿತಿ ಪಕ್ಕಾ. ಒಂದು ಕ್ರೆಡಿಟ್ಟಿಗೆ 30 ಗಂಟೆ ಓದು. ಸೆಮಿಸ್ಟರಿಗೆ 20 ಕ್ರೆಡಿಟ್ಟಾದರೆ 600 ಗಂಟೆ. ಆರು ತಿಂಗಳಿಗೆ ಹಂಚಿದರೆ ದಿನಕ್ಕೆ 3 ಗಂಟೆ 20 ನಿಮಿಷ, ಭಾನುವಾರ, ಯುಗಾದಿ ಎಲ್ಲ ಸೇರಿ.

ಎಗ್ಮೋರ್ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಕುಂದಾಪುರದ ಹುಡುಗನೊಬ್ಬ ಸಪ್ಲೈಯರ್ ಇದ್ದಾನೆಂದುಕೊಳ್ಳಿ. ಬೆಳಗಿನ ಇಡ್ಲಿಗೆ ನಸುಕಿನಲ್ಲೇ ಎದ್ದು, ರಾತ್ರಿ ಕೊನೆಯ ಟೇಬಲ್ ಒರೆಸಿ ಮಲಗುವ ಅವನಿಗೆ ಕನ್ನಡದಲ್ಲಿ ಬಿ.ಎ. ಮಾಡುವಾಸೆ. ಮುಕ್ತ ಶಿಕ್ಷಣ ಇರುವುದೇ ಇಂಥವರಿಗಾಗಿ ಎಂದು ಎಲ್ಲ ಭಾಷಣಗಳೂ ಹೇಳುತ್ತವೆ. ಅವನು ಮಾಡಬೇಕಾದದ್ದಿಷ್ಟೇ: ಸಂಪರ್ಕ ತರಗತಿಗೆ, ಪರೀಕ್ಷೆಗೆ ಸಂಬಳ ಕಳೆದುಕೊಂಡು ರಜೆ ಹಾಕಿ, ರೈಲು ಹತ್ತಿ ಕರ್ನಾಟಕಕ್ಕೆ ಬರುವುದು. ದೂರ ಕ್ರಮಿಸುವ ಹೊಣೆ ವಿದ್ಯಾರ್ಥಿಯದು, ಶಿಕ್ಷಣದ್ದಲ್ಲ.

‘ಆನ್‌ಲೈನ್ ಕೋರ್ಸಿಗೆ ಗಡಿಯಿಲ್ಲವಲ್ಲ ಸ್ವಾಮಿ’ ಎನ್ನುತ್ತೀರಿ. ನಿಜ, ಗಡಿಯಿಲ್ಲ. ಗಂಟೆ ಅಷ್ಟೇ ಇದೆ.

ಮುಂದಿನ ಸಭೆಯಲ್ಲಿ ಸದಸ್ಯರಿಗೂ ಒಂದು ‘ನಿಮ್ಮ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಿ’ ಹಂಚಿ. ಪ್ರಶ್ನೆ ಒಂದೇ: ಈ ಹುಡುಗನ ದಿನದಲ್ಲಿ ಆ 3 ಗಂಟೆ 20 ನಿಮಿಷ ಎಲ್ಲಿದೆ? ಉತ್ತರಕ್ಕೆ ಎರಡು ಗೆರೆ ಸಾಕು. ಕೊನೆಯ ಪುಟವನ್ನು ಮಾತ್ರ ಮೊದಲೇ ಹರಿದಿಟ್ಟುಕೊಳ್ಳಿ.