ಎಳೆಯ ಹಾಕಿಪಟು: ಬಳಕೆದಾರರ ಕೈಪಿಡಿ (ಆವೃತ್ತಿ 2025)

ಮಾನ್ಯ ಕ್ಲಬ್ ಮಾಲೀಕರೇ,

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನ ಡ್ರಾಫ್ಟ್‌ನಲ್ಲಿ ಹುಡುಗನೊಬ್ಬನನ್ನು ಆರಿಸಿಕೊಂಡ ತಮಗೆ ಅಭಿನಂದನೆಗಳು. ಇದು ಮಂಜುಗಡ್ಡೆಯ ಮೇಲಿನ ಹಾಕಿ. ಕೊಡಗಿನ ಮೈದಾನದ ಹಾಕಿಯ ಬಿಡಿಭಾಗಗಳು ಇದಕ್ಕೆ ಹೊಂದುವುದಿಲ್ಲ. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ಹುಡುಗನ ಕೈಗೆ ಸಿಗದಂತೆ ಎತ್ತಿಡಿ.

ಪೊಟ್ಟಣದಲ್ಲಿ ಇರುವುದು

ಹದಿನೆಂಟರ ಹುಡುಗ, 1. ಏಜೆಂಟ್, 1. ತಂದೆತಾಯಿ, ಒಂದು ಜೊತೆ (ವಾಪಸು ತೆಗೆದುಕೊಳ್ಳುವುದಿಲ್ಲ). ಗಡ್ಡ ಸೇರಿಲ್ಲ.

ಸಾಮಾನ್ಯ ಮಾಹಿತಿ

ಐಪಿಎಲ್ ಹರಾಜು ನೋಡಿ ರೂಢಿಯಾದವರು ಗಮನಿಸಿ. ಅಲ್ಲಿ ಸುತ್ತಿಗೆ ಬಿದ್ದ ಕೂಡಲೇ ಆಟಗಾರನ ಬೆಲೆ ಊರಿಗೆಲ್ಲ ಗೊತ್ತು. ಇಲ್ಲಿ 32 ತಂಡಗಳು 7 ಸುತ್ತುಗಳಲ್ಲಿ 224 ಹುಡುಗರ ಹೆಸರು ಕೂಗುತ್ತವೆ, ಬೆಲೆ ಕೂಗುವುದಿಲ್ಲ. ವೇದಿಕೆ ಹತ್ತಿದವನಿಗೆ ಜೆರ್ಸಿ ತೊಡಿಸಿ, ಎಲ್ಲರೆದುರೇ ಟೋಪಿ ಹಾಕುತ್ತಾರೆ. ಕೆಲಸ, ಸಂಬಳ ಎರಡೂ ಅಂದು ಇಲ್ಲ. ತಮಗೆ ಸಿಕ್ಕಿದ್ದು ಅವನೊಂದಿಗೆ ಒಪ್ಪಂದ ಮಾಡಿಕೊಳ್ಳುವ ಹಕ್ಕು. ಅವನಿಗೆ ಸಿಕ್ಕಿದ್ದು ಲೀಗಿನ ಉಳಿದ 31 ಬಾಗಿಲುಗಳಿಗೆ ಬೀಗ. ಇದು ಗೊತ್ತಿಲ್ಲದ ನೆಂಟರು ಅಷ್ಟರಲ್ಲಿ ಸಾಲ ಕೇಳಲು ಹೊರಟಿರುತ್ತಾರೆ.

ಶೇಖರಿಸುವ ಬಗೆ

ಬೇಸಿಗೆಯ ಶಿಬಿರದಲ್ಲಿ ಒಮ್ಮೆ, ಸೆಪ್ಟೆಂಬರಿನ ಶಿಬಿರದಲ್ಲಿ ಇನ್ನೊಮ್ಮೆ ಹೊರತೆಗೆದು ನೋಡಿ, ಬಂದಲ್ಲಿಗೇ ಕಳಿಸಿ: ಕೆನಡಾದ ಜೂನಿಯರ್ ಲೀಗಿಗೋ, ಅಮೆರಿಕದ ಕಾಲೇಜಿಗೋ, ಸ್ವೀಡನ್ ಅಥವಾ ಫಿನ್‌ಲೆಂಡಿನ ಕ್ಲಬ್ಬಿಗೋ. ಜೂನಿಯರ್ ಹುಡುಗರು ಎಷ್ಟೋ ಮಂದಿ ಬೇರೆ ಊರಲ್ಲಿ ಯಾರದೋ ಮನೆಯಲ್ಲಿದ್ದು ಆಡುವವರು. ಆ ಮನೆಯಾಕೆ ಇವನ ಬಟ್ಟೆ ಒಗೆದು, ಆಟದಿಂದ ತಡವಾಗಿ ಬಂದರೂ ಊಟ ಬಿಸಿ ಮಾಡಿಕೊಡುತ್ತಾಳೆ. ತಮ್ಮ ಲೆಕ್ಕಪತ್ರದಲ್ಲಿ ಆಕೆಗೆ ಕಾಲಂ ಇಲ್ಲ.

ಎಚ್ಚರಿಕೆ: 2025ರ ನಿಯಮದಂತೆ, ಇಪ್ಪತ್ತು ತುಂಬದ ಕೆನಡಾ ಜೂನಿಯರ್ ಹುಡುಗನನ್ನು ಎರಡನೇ ದರ್ಜೆಯ ಲೀಗಾದ ಎಎಚ್‌ಎಲ್‌ನಲ್ಲಿ ಪೂರ್ತಿ ಋತು ಆಡಿಸುವಂತಿಲ್ಲ. ಎನ್‌ಎಚ್‌ಎಲ್‌ನಲ್ಲಿ ಆಡಿಸಬೇಕು, ಇಲ್ಲವೇ ಜೂನಿಯರ್‌ಗೆ ಮರಳಿಸಬೇಕು. ಕೆಳಗಿನವರ ಜೊತೆ ಆಡಿ ಕಲಿಯುವುದು ಮುಗಿದಿದೆ, ಮೇಲಿನವರ ಜೊತೆ ಆಡಲು ಮೈಬಲ ಸಾಲದು. ಇಂಥವನಿಗೆ ತ್ರಿಶಂಕು ಸ್ವರ್ಗವೇ ಗತಿ.

ಉಚಿತ ಪ್ರಯೋಗ

ಮಾಲೀಕರು ಅತಿ ಹೆಚ್ಚು ಮೆಚ್ಚಿದ ಸೌಲಭ್ಯವಿದು. ಮೊದಲ ಒಪ್ಪಂದ 3 ವರ್ಷದ್ದು. ಆದರೆ ಹದಿನೆಂಟರ ಹುಡುಗ ಆ ಋತುವಿನಲ್ಲಿ ಎನ್‌ಎಚ್‌ಎಲ್‌ನ 10 ಪಂದ್ಯ ಮುಟ್ಟದಿದ್ದರೆ ಆ ವರ್ಷ ಲೆಕ್ಕಕ್ಕೇ ಇಲ್ಲ, ಒಪ್ಪಂದ ಇಡಿಯಾಗಿ ಮುಂದಕ್ಕೆ ಜಾರುತ್ತದೆ. ಆದ್ದರಿಂದ 9 ಪಂದ್ಯ ಆಡಿಸಿ. ಅವನು ಒಂದು ಗೋಲು ಹೊಡೆಯಬಹುದು, ಆ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಅವನಮ್ಮ ಶೋಕೇಸಿನಲ್ಲಿ ಇಡಬಹುದು. ಬಾಡಿಗೆ ಮನೆ ಹುಡುಕಲೇ ಎಂದು ಅವನು ಕೇಳಿದರೆ ಮಾತು ಬದಲಿಸಿ. ಒಂಬತ್ತು ಮುಗಿದ ಬೆಳಿಗ್ಗೆ ಕಚೇರಿಗೆ ಕರೆದು, ಚೆನ್ನಾಗಿ ಆಡಿದೆಯಪ್ಪಾ ಎಂದು ಬೆನ್ನು ತಟ್ಟಿ, ವಿಮಾನದ ಟಿಕೆಟ್ ಕೊಡಿ. ಕಾರಣ ಕೇಳಿದರೆ ‘ನಿನ್ನ ಬೆಳವಣಿಗೆಗಾಗಿ’ ಎನ್ನಿ. ಕೆಲವೊಮ್ಮೆ ಅದು ನಿಜವೂ ಹೌದು.

ಅಪವಾದ: 2025ರ ಮೊದಲ ಆಯ್ಕೆ ಮ್ಯಾಥ್ಯೂ ಶೇಫರ್. ನ್ಯೂಯಾರ್ಕ್ ಐಲ್ಯಾಂಡರ್ಸ್ ಅವನನ್ನು ಹದಿನೆಂಟರಲ್ಲೇ ನೇರವಾಗಿ ಆಡಿಸಿತು, ಒಂಬತ್ತರ ಗೆರೆ ದಾಟಿಸಿತು. ಇದನ್ನು ನೋಡಿ ಪ್ರತಿ ಹುಡುಗನ ಅಪ್ಪನೂ ತಮಗೆ ಫೋನ್ ಮಾಡುತ್ತಾನೆ. ಎತ್ತಬೇಡಿ.

ವಿದ್ಯುತ್ ಖರ್ಚು

ಈ ಆವೃತ್ತಿಗೆ ಮೂಲ ಸಂಬಳದ ಮಿತಿ ವರ್ಷಕ್ಕೆ 9,75,000 ಡಾಲರ್. ಅದು ಮೇಲಿನ ಲೀಗಿನಲ್ಲಿದ್ದ ದಿನಗಳಿಗೆ ಮಾತ್ರ. ಎಎಚ್‌ಎಲ್‌ಗೆ ಇಳಿಸಿದ ದಿನದಿಂದ ಅದರ ಒಂದು ತುಣುಕು ಕೊಟ್ಟರೆ ಸಾಕು. ಹುಡುಗ ಅವನೇ, ಮುರಿಯುವ ಹಲ್ಲುಗಳೂ ಅವೇ.

ಲೇಬಲ್ ಬಗ್ಗೆ

ಪೊಟ್ಟಣದ ಮೇಲಿನ ಸಂಖ್ಯೆಯನ್ನು ನಂಬಿ ಕೆಟ್ಟವರಿದ್ದಾರೆ. 1999ರಲ್ಲಿ ಅಟ್ಲಾಂಟಾ ತಂಡ ಮೊದಲನೆಯವನಾಗಿ ಆರಿಸಿದ ಪ್ಯಾಟ್ರಿಕ್ ಸ್ಟೆಫಾನ್ ಇಡೀ ವೃತ್ತಿಯಲ್ಲಿ ಹೊಡೆದದ್ದು 64 ಗೋಲು. ಅದೇ ವರ್ಷ ಡೆಟ್ರಾಯಿಟ್ 210ನೆಯವನಾಗಿ ಎತ್ತಿಕೊಂಡ ಹೆನ್ರಿಕ್ ಸೆಟ್ಟರ್‌ಬರ್ಗ್ 337 ಗೋಲು ಹೊಡೆದು ನಾಯಕನೂ ಆದ. 1974ರಲ್ಲಿ ಬಫಲೋ ತಂಡದ ಜನರಲ್ ಮ್ಯಾನೇಜರ್ ಪಂಚ್ ಇಮ್ಲಾಕ್, ಡ್ರಾಫ್ಟ್ ಎಂಬ ವ್ಯವಹಾರಕ್ಕೇ ಬೇಸತ್ತು, ಟಾರೊ ಟ್ಸುಜಿಮೊಟೊ ಎಂಬ ಜಪಾನಿ ಆಟಗಾರನನ್ನು 183ನೆಯವನಾಗಿ ಆರಿಸಿದರು. ಆ ಹೆಸರಿನ ಆಟಗಾರ ಹುಟ್ಟಿಯೇ ಇರಲಿಲ್ಲ. ಯಾವ ದೂರೂ ಕೊಡದ ಮಾಲು ಈವರೆಗೆ ಅದೊಂದೇ.

ಗ್ಯಾರಂಟಿ

ಹುಡುಗನಿಗೆ ಇಲ್ಲ. 2025ರ ನಿಯಮದಂತೆ, ಕೆನಡಾ ಜೂನಿಯರ್‌ನಿಂದ ಬಂದವನೊಂದಿಗೆ 2 ವರ್ಷದೊಳಗೆ ಒಪ್ಪಂದವಾಗದಿದ್ದರೆ ತಮ್ಮ ಹಕ್ಕು ತೀರುತ್ತದೆ. ವಯಸ್ಸು ಮೀರದಿದ್ದರೆ ಅವನು ಮತ್ತೆ ಡ್ರಾಫ್ಟಿಗೆ ಹೋಗಬಹುದು, ಈ ಬಾರಿ ನೆಂಟರಿಲ್ಲದೆ.

ಪೊಟ್ಟಣವಿಲ್ಲದೆ ಬರುವವರು

ಇವರಿಗೆ ಈ ಕೈಪಿಡಿ ಅನ್ವಯಿಸುವುದಿಲ್ಲ. ಕುಳ್ಳನೆಂದು ಕಡೆಗಣಿಸಲ್ಪಟ್ಟ ಮಾರ್ಟಿನ್ ಸೇಂಟ್ ಲೂಯಿಯನ್ನು ಯಾವ ತಂಡವೂ ಯಾವ ಸುತ್ತಿನಲ್ಲೂ ಆರಿಸಲಿಲ್ಲ. 2004ರಲ್ಲಿ ಅವನು ಲೀಗಿನ ಶ್ರೇಷ್ಠ ಆಟಗಾರನಾದ, ಅದೇ ವರ್ಷ ಸ್ಟ್ಯಾನ್ಲಿ ಕಪ್ ಗೆದ್ದ, 2018ರಲ್ಲಿ ಹಾಲ್ ಆಫ್ ಫೇಮ್ ಸೇರಿದ.