ಕಾಸಿದ್ದಷ್ಟು ಕಾಲು ಚಾಚು

ಈ ದೇಶದ ಸಮಸ್ತ ವಿಮಾನ ಕಂಪನಿಗಳ ಸೀಟು ಮಾರಾಟದ ಮಹನೀಯರಿಗೆ,

ಮಾನ್ವಿ ತಾಲ್ಲೂಕು ಚೀಕಲಪರ್ವಿಯಿಂದ ನಿವೃತ್ತ ಗಣಿತ ಮೇಷ್ಟ್ರೊಬ್ಬರ ನಮಸ್ಕಾರಗಳು. ಬಲಗಾಲನ್ನು ಎದುರಿನ ಕುರ್ಚಿಯ ಮೇಲೆ ನೀಟಾಗಿ ಚಾಚಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಆ ಕುರ್ಚಿಗೆ ಹೆಚ್ಚುವರಿ ಶುಲ್ಕ ಕಟ್ಟಿಲ್ಲ, ದಯವಿಟ್ಟು ಬಿಲ್ಲು ಕಳಿಸಬೇಡಿ.

ಈಗಷ್ಟೇ ನಿಮ್ಮ ಪೈಕಿ ಒಬ್ಬರ ಸಹಾಯವಾಣಿಗೆ ಫೋನ್ ಮಾಡಿ ಇಟ್ಟೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎಂದರು. ಕನ್ನಡಕ್ಕೆ ಏನು ಒತ್ತಬೇಕೆಂದು ಹೇಳಲಿಲ್ಲವಾದ್ದರಿಂದ ಹಲ್ಲು ಕಚ್ಚಿ ಎರಡು ಒತ್ತಿದೆ. ಆಮೇಲೆ ಸಂಗೀತ. ನನ್ನ ಕರೆ ನಿಮಗೆ ಬಹಳ ಅಮೂಲ್ಯವಂತೆ. ಅದಕ್ಕೇ ಇರಬೇಕು, ಚಹಾ ಆರಿ ಕೆನೆ ಕಟ್ಟುವ ತನಕ ಅದನ್ನು ಭದ್ರವಾಗಿ ಹಿಡಿದಿಟ್ಟುಕೊಂಡಿರಿ. ಕೊನೆಗೊಬ್ಬ ಹೆಣ್ಣುಮಗಳು ಬಂದು, ‘ಸರ್, ಆ ಸೀಟಿನ ಹಣ ವಾಪಸ್ ಬರೋದಿಲ್ಲ’ ಎಂದಳು. ಅವಳದೇನೂ ತಪ್ಪಿಲ್ಲ. ಅವಳೂ ಎಲ್ಲೋ ಕಾಲು ಮಡಚಿಕೊಂಡೇ ಕೂತಿರುತ್ತಾಳೆ. ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಯಾರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೋ ನೋಡೋಣ.

ವಿಷಯ ಇಷ್ಟೆ. ಬೈಕಿನಿಂದ ಬಿದ್ದು ಪ್ಲೇಟು ಹಾಕಿಸಿಕೊಂಡ ನನ್ನ ಬಲ ಮೊಣಕಾಲು ಅರ್ಧ ಮಡಿಯುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಮಗಳ ಬಾಣಂತನಕ್ಕೆಂದು ನಮ್ಮಾಕೆ ದಿಲ್ಲಿಗೆ ಮೊದಲೇ ಹೋಗಿದ್ದಳು, ಮೊಮ್ಮಗನನ್ನು ನೋಡಲು ನಾನೂ ಹೊರಟೆ. ರಾಯಚೂರಿನ ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಬರುತ್ತದೆ ಬರುತ್ತದೆ ಎಂದು ಕೇಳುತ್ತಲೇ ನಿವೃತ್ತನಾದವನು ನಾನು, ಹೀಗಾಗಿ ಹೈದರಾಬಾದೇ ಗತಿ. ನಮ್ಮೂರಿನಲ್ಲಿ ಹುಟ್ಟಿದ ವಿಜಯದಾಸರು ಕಾಶಿಗೇ ಹೋಗಿ ಬಂದರು. ಅವರ ಕಾಲದಲ್ಲಿ ಕಾಲಿಗೆ ನಡೆಯುವ ಕಷ್ಟವೊಂದೇ ಇತ್ತು, ಕೂರುವ ಕಷ್ಟ ಇರಲಿಲ್ಲ.

ಮಾನ್ವಿಯ ಆನ್‌ಲೈನ್ ಸೆಂಟರಿನ ಹುಡುಗ ಕಂಪ್ಯೂಟರಿನಲ್ಲಿ ವಿಮಾನದ ಹೊಟ್ಟೆ ಸೀಳಿ ತೋರಿಸಿದ. ಬಣ್ಣಬಣ್ಣದ ಚೌಕಗಳು, ಬಣ್ಣಕ್ಕೊಂದು ರೇಟು. ಕಿಟಕಿಗೆ ದುಡ್ಡು, ನಡುದಾರಿಯ ಪಕ್ಕಕ್ಕೆ ದುಡ್ಡು, ಮುಂದಿನ ಸಾಲಿಗೆ ಜಾಸ್ತಿ ದುಡ್ಡು. ನಡುವೆ, ರೆಕ್ಕೆಯ ಹತ್ತಿರ, ಒಂದೆರಡು ಸಾಲಿನಲ್ಲಿ ಉದ್ದಕ್ಕೆ ಕಾಲು ಚಾಚಿ ನಗುತ್ತಿರುವ ಮನುಷ್ಯನ ಚಿತ್ರ. ‘ನಿಮ್ ಕಾಲಿಗೆ ಇದ ಬೇಷ್ ಅದ ನೋಡ್ರಿ ಸರ, ಆರಾಮ ಚಾಚಬಹುದು’ ಅಂದ. ಒಂದು ಪ್ರಶ್ನೆಯೂ ಬಂತು: ತುರ್ತು ಸಂದರ್ಭದಲ್ಲಿ ನೆರವಾಗಲು ಸಿದ್ಧರಿದ್ದೀರಾ? ಸಿದ್ಧನಿದ್ದೆ. ಜೀವಮಾನವಿಡೀ ಹತ್ತನೇ ಕ್ಲಾಸಿನ ಪರೀಕ್ಷಾ ಕೊಠಡಿ ಕಾದವನು ಯಾವ ತುರ್ತಿಗೂ ಸಿದ್ಧನೇ ಇರುತ್ತಾನೆ. ಮೊಣಕಾಲು ಮಡಿಯುತ್ತದೆಯೇ ಎಂದು ನೀವು ಕೇಳಲಿಲ್ಲ. ದುಡ್ಡು ಕೇಳಿದಿರಿ, ಕೊಟ್ಟೆ.

ಕಥೆ ಮುಂದುವರಿಸುವ ಮೊದಲು ಸ್ವಲ್ಪ ಲೆಕ್ಕ ಮಾಡುತ್ತೇನೆ, ಅಭ್ಯಾಸಬಲ. ನೀವು ‘ಪಿಚ್’ ಎನ್ನುವ ಅಳತೆ ಕಾಲಿನ ಜಾಗದ್ದಲ್ಲ. ಒಂದು ಸೀಟಿನ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗೆ ಇರುವ ದೂರ ಅದು. ಬೆನ್ನಿನ ದಪ್ಪ, ಕುಶನ್ನಿನ ದಪ್ಪ ಕಳೆದ ಮೇಲೆ ಉಳಿದಿದ್ದು ನಮ್ಮ ಕಾಲಿಗೆ. ಏರ್ ಇಂಡಿಯಾ ತನ್ನ ದೊಡ್ಡ ಹಳೇ ವಿಮಾನಗಳ ಒಳಾಂಗಣ ಬದಲಿಸಲು 40 ಕೋಟಿ ಡಾಲರ್ ಖರ್ಚು ಮಾಡುತ್ತೇನೆಂದು 2022ರ ಡಿಸೆಂಬರಿನಲ್ಲಿ ಹೇಳಿತು. 27 ಎ320 ನಿಯೋ ವಿಮಾನಗಳಿಗೂ ಹೊಸ ಸೀಟು ಕೂರಿಸಿತು. ಆ ಎ320ಗಳಲ್ಲಿ ಈಗ 8 ಬಿಸಿನೆಸ್, 24 ಪ್ರೀಮಿಯಂ ಎಕಾನಮಿ, 132 ಎಕಾನಮಿ ಸೀಟುಗಳು. ಪ್ರೀಮಿಯಂ ಸಾಲಿನ ಪಿಚ್ 32 ಇಂಚು, ಹಿಂದಿನ ನಮ್ಮಂಥವರದು 28ರ ಆಸುಪಾಸು. ನಡುವಿನ ವ್ಯತ್ಯಾಸ ನಾಲ್ಕು ಇಂಚಿನಷ್ಟು, ಅದಕ್ಕೊಂದು ಪರದೆ, ಒಂದು ಹೆಸರು, ಒಂದು ರೇಟು. ಇಂಡಿಗೋದವರು ಅದೇ ಎ320ರಲ್ಲಿ ಮೊದಲು 180 ಸೀಟು ಇಡುತ್ತಿದ್ದರು. ಶೌಚಾಲಯ, ಅಡುಗೆ ಜಾಗಗಳನ್ನು ಹಿಂದಕ್ಕೆ ಒತ್ತಿ ಇನ್ನೊಂದು ಸಾಲು ತುರುಕಿ 186 ಮಾಡಿದರು. ಉದ್ದನೆಯ ಎ321 ನಿಯೋದಲ್ಲಿ 232ರವರೆಗೆ ಹೋದರು. ಗಣಿತವಾಗಿ ನೋಡಿದರೆ ಸುಂದರ ಉತ್ತರ. ಅಂಕ ಕೊಡಲೇಬೇಕು.

ಮೊದಲು ಎಲ್ಲರ ಕಾಲಿನ ಜಾಗ ಕತ್ತರಿಸುವುದು, ಆಮೇಲೆ ಕತ್ತರಿಸಿದ್ದನ್ನು ‘ಎಕ್ಸ್‌ಎಲ್’ ಎಂದು ಹೆಸರಿಟ್ಟು ನಮಗೇ ಮಾರುವುದು. ಇಷ್ಟಾದರೆ ವ್ಯಾಪಾರ ಅಂದುಕೊಂಡು ಸುಮ್ಮನಿರುತ್ತಿದ್ದೆ.

ಶಂಷಾಬಾದಿನಲ್ಲಿ ವಿಮಾನ ಹತ್ತಿ ನನ್ನ ಸೀಟಿಗೆ ಹೋದೆ. ಕಾಲು ಚಾಚಿದೆ. ಸುಳ್ಳಾಡಬಾರದು, ಸ್ವರ್ಗ. ಗಗನಸಖಿ ಬಂದಳು, ನನ್ನ ಕಾಲು ನೋಡಿದಳು, ಮುಖ ನೋಡಿದಳು. ‘ಅಂಕಲ್, ಕಾಲಿಗೇನಾಗಿದೆ?’ ಪ್ಲೇಟಿನ ಕಥೆ ಹೇಳಿದೆ. ‘ಹಾಗಿದ್ದರೆ ಇಲ್ಲಿ ಕೂರುವಂತಿಲ್ಲ, ಇದು ಎಮರ್ಜೆನ್ಸಿ ಎಕ್ಸಿಟ್’ ಎಂದಳು. ನಾನು ಸಿದ್ಧನಿದ್ದೇನೆ ಎಂದೆ. ‘ನೀವು ಸಿದ್ಧ, ಕಾಲು ಸಿದ್ಧವಿಲ್ಲ’ ಎಂದಳು. ಹಿಂದೆ ಮೂವರ ಸಾಲಿನ ನಟ್ಟನಡುವಿನ ಸೀಟು ಕೊಟ್ಟರು. ಎರಡು ಗಂಟೆಗೂ ಮಿಕ್ಕಿದ ಹಾರಾಟದುದ್ದಕ್ಕೂ ನನ್ನ ಬಲ ಮೊಣಕಾಲು ಮುಂದಿನವರ ಬೆನ್ನಿನಲ್ಲಿತ್ತು. ಅವರು ತಿರುಗಿ ತಿರುಗಿ ನೋಡಿದರು. ನಾನು ಕೈ ಮುಗಿದೆ.

ನನ್ನ ಜಾಗಕ್ಕೆ ಬಂದ ಯುವಕ ಏನು ಮಾಡಿದ ಗೊತ್ತೇ? ಬೂಟು ಬಿಚ್ಚಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ದಿಲ್ಲಿಯ ತನಕ ಮೊಬೈಲ್ ನೋಡಿದ. ನಾನು ದುಡ್ಡು ಕೊಟ್ಟು ಕೊಂಡ ಜಾಗ ಖಾಲಿಯಾಗಿ, ಯಾರ ಕಾಲೂ ಇಲ್ಲದೆ, ಆಕಾಶದಲ್ಲಿ ಪ್ರಯಾಣ ಮಾಡಿತು.

ನಿಯಮ ತಪ್ಪು ಎಂದು ನಾನು ಹೇಳುತ್ತಿಲ್ಲ. ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಹುದೆಂದು ತೋರಿಸಿದರೆ ಮಾತ್ರ ಆ ಮಾದರಿಯ ವಿಮಾನಕ್ಕೆ ಮಂಜೂರಾತಿ. ರೆಕ್ಕೆಯ ಮೇಲಿನ ಬಾಗಿಲು ಸುಮಾರು 15 ಕಿಲೋ ತೂಗುತ್ತದೆ, ಅದನ್ನು ಎತ್ತಿ ಆಚೆ ಹಾಕುವವನ ಕಾಲು ಮಡಿಯಬೇಕು, ಸರಿ. ಗಟ್ಟಿ ಕಾಲಿನವರು ಕೂತರೂ ಎಲ್ಲ ಸಲೀಸೇನಲ್ಲ. 2022ರ ಡಿಸೆಂಬರ್ 10ರಂದು ಚೆನ್ನೈನಲ್ಲಿ ನಮ್ಮ ಬೆಂಗಳೂರಿನ ಸಂಸದರೊಬ್ಬರಿದ್ದ ವಿಮಾನದ ತುರ್ತು ಬಾಗಿಲು ನೆಲದ ಮೇಲೇ ತೆರೆದುಕೊಂಡು ಪ್ರಯಾಣ ತಡವಾಗಿತ್ತು. ಅದು ಅಚಾತುರ್ಯ ಎಂದು ಆಮೇಲೆ ವಿಮಾನಯಾನ ಸಚಿವರು ಹೇಳಿದರು. ಆ ಸಂಸದರ ಮೊಣಕಾಲು ಚೆನ್ನಾಗಿರಬೇಕು, ಅದು ಬೇರೆ ಮಾತು.

ನನ್ನ ಸಿಟ್ಟು ಇಲ್ಲಿದೆ: ಆ ಜಾಗವನ್ನು ನೀವು ಔದಾರ್ಯದಿಂದ ಬಿಟ್ಟಿದ್ದಲ್ಲ. ಬೆಂಕಿ ಬಿದ್ದರೆ ಜನ ನುಗ್ಗಿ ಹೊರಗೆ ಹೋಗಲಿ ಎಂದು ಕಾನೂನು ಬಿಡಿಸಿದ್ದು. ಅದು ದಾರಿ. ದಾರಿಯನ್ನು ಸುಖ ಎಂದು ಹೆಸರು ಬದಲಿಸಿ, ಕಾಲು ಚಾಚಿದವನ ಚಿತ್ರ ಹಾಕಿ ಮಾರುತ್ತೀರಿ. ಆ ಚಿತ್ರಕ್ಕೆ ಮರುಳಾಗುವವರು ಯಾರು? ಕಾಲು ನೋಯುವವರು. ಅಲ್ಲಿಂದ ಎಬ್ಬಿಸಲ್ಪಡುವವರು ಯಾರು? ಅದೇ ಕಾಲು ನೋಯುವವರು. ದುಡ್ಡು ಮಾತ್ರ ಎದ್ದು ಬರುವುದಿಲ್ಲ. ಇದಕ್ಕೆ ನಮ್ಮ ಕಡೆ ವ್ಯಾಪಾರ ಅನ್ನುವುದಿಲ್ಲ.

ಮಾನ್ವಿಯಿಂದ ನಮ್ಮೂರಿಗೆ ಬರುವ ಟಂಟಂನಲ್ಲಿ ಎಷ್ಟು ಜನ ಹಿಡಿಯುತ್ತಾರೆಂದು ನಾನು ಇಲ್ಲಿ ಬರೆದರೆ ಪೊಲೀಸರು ಬರುತ್ತಾರೆ. ಪಿಚ್ ಗಿಚ್ ಅಲ್ಲಿಲ್ಲ. ಆದರೆ ನಾನು ಹತ್ತಿದೊಡನೆ ಡ್ರೈವರ್ ಹಿಂದೆ ತಿರುಗಿ, ‘ಏ, ಮಾಸ್ತರ್ ಕಾಲು ಮಡಿಯಂಗಿಲ್ಲ, ಸರಕೊಂಡು ಕೂಡ್ರಿ’ ಎಂದು ಕೂಗುತ್ತಾನೆ. ಎಲ್ಲರೂ ಸರಿಯುತ್ತಾರೆ. ಹೊರಗಿನ ಅಂಚಿನ ಸೀಟು ನನ್ನದು, ಕಾಲು ಅರ್ಧ ರಸ್ತೆಯಲ್ಲಿ. ಅಪಾಯ ನಿಜ, ರೇಟು ಎಲ್ಲರದೂ ಒಂದೇ. 40 ಕೋಟಿ ಡಾಲರ್ ಖರ್ಚಿಲ್ಲದೆ ಬಂದ ವ್ಯವಸ್ಥೆ. ನಿಮ್ಮ ತರಬೇತಿಯ ಪಾಠದಲ್ಲಿ ‘ಸರಕೊಂಡು ಕೂಡ್ರಿ’ ಎಂಬ ಒಂದು ವಾಕ್ಯ ಸೇರಿಸಬಹುದೇ?

ಮೈ ಉರಿದ ಮಾತು ಇನ್ನೊಂದಿದೆ. ದಿಲ್ಲಿಯಿಂದ ಬಂದ ಮೇಲೆ ಹಟ ಹಿಡಿದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ನಿಯಮ ಓದಿದೆ. ಅಂಗವಿಕಲರು ಮತ್ತು ಚಲನೆ ಕಷ್ಟವಿರುವವರ ಪ್ರಯಾಣಕ್ಕೆಂದೇ ಒಂದು ನಿಯಮಾವಳಿ ಇದೆ. ಅಂಥವರು ಕೇಳಿದಾಗ, ಆ ದರ್ಜೆಯಲ್ಲಿ ಸೀಟು ಇದ್ದರೆ, ಕಾಲಿಗೆ ಸಾಕಷ್ಟು ಜಾಗವಿರುವ ಸೀಟನ್ನು ಹಣ ತೆಗೆದುಕೊಳ್ಳದೆ ಕೊಡಬೇಕು, ಅದು ತುರ್ತು ಬಾಗಿಲಿನ ಸಾಲಿನದಾಗಿರಬಾರದು ಎಂದು ಅದರಲ್ಲಿದೆ. ಹಣ ತೆಗೆದುಕೊಳ್ಳದೆ! ಇದು ನಿಮಗೆ ಗೊತ್ತು. ನಿಮ್ಮ ಸಹಾಯವಾಣಿಗೂ ಗೊತ್ತಿರಬೇಕು. ಬಣ್ಣಬಣ್ಣದ ಚೌಕಗಳಲ್ಲಿ ಈ ಬಣ್ಣ ಎಲ್ಲಿತ್ತು? ಊಟ ಬೇಕೇ, ವಿಮೆ ಬೇಕೇ, ಬ್ಯಾಗು ಮೊದಲು ಬರಬೇಕೇ ಎಂದು ಕೇಳಿ ಕೇಳಿ ಆ ಹುಡುಗನ ಬೆರಳು ಸವೆಸಿದಿರಿ. ಕಾಲು ಹೇಗಿದೆ ಎಂದು ಒಂದು ಸಲ ಕೇಳಲು ನಿಮಗೇನಾಗಿತ್ತು? ಕೇಳಿದರೆ ಪುಕ್ಕಟೆ ಕೊಡಬೇಕಾಗುತ್ತದೆ. ಅದಕ್ಕೇ ಕೇಳಲಿಲ್ಲ.

ನನ್ನ ಹಣ ನೀವೇ ಇಟ್ಟುಕೊಳ್ಳಿ, ಇನ್ನೊಂದು ಸಾಲಿಗೆ ಕುಶನ್ ಹಾಕಿಸಿ. ಸೀಟು ತೋರಿಸುವ ಪುಟದಲ್ಲಿ, ದುಡ್ಡು ಕೇಳುವ ಮೊದಲು, ಮೊಣಕಾಲಿನ ಪ್ರಶ್ನೆ ಬರಲಿ, ಕನ್ನಡದಲ್ಲಿ ಬಂದರೆ ಇನ್ನೂ ಒಳ್ಳೆಯದು.

ಇನ್ನು ಇದನ್ನು ಓದುತ್ತಿರುವವರಿಗೆ: ನಿಮ್ಮ ಮನೆಯಲ್ಲಿ ಕಾಲು ಮಡಿಯದವರಿದ್ದರೆ ಕಾಲು ಚಾಚಿದ ಚಿತ್ರಕ್ಕೆ ದುಡ್ಡು ಕಟ್ಟಬೇಡಿ. ಟಿಕೆಟ್ ತೆಗೆಸುವಾಗಲೇ ಹೇಳಿ, ತಪ್ಪಿದರೆ ಹೊರಡುವ 48 ಗಂಟೆ ಮೊದಲಾದರೂ ಕಂಪನಿಗೆ ತಿಳಿಸಿ, ಡಿಜಿಸಿಎ ನಿಯಮದ ಪ್ರಕಾರ ಸೀಟು ಕೊಡಿ ಎಂದು ಬರೆದೇ ಕೇಳಿ, ಉತ್ತರವನ್ನೂ ಬರೆಸಿಕೊಳ್ಳಿ.

ಇತಿ,
ಸಿದ್ಧನಿದ್ದ ಮೇಷ್ಟ್ರು
ಚೀಕಲಪರ್ವಿ