ಸುಮ್ಮನಿರುವ ಉದ್ಯೋಗ

ಲೋಕದಲ್ಲಿ ಉಪಾಧ್ಯಾಯ ವೃತ್ತಿಯನ್ನು ಅವಲಂಬಿಸಿದವರೆಲ್ಲರೂ ಮಾತನಾಡುವುದಕ್ಕಾಗಿ ಸಂಬಳ ಪಡೆಯುತ್ತಾರೆ. ನನಗಾದರೋ, ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿ, ಮುಂದಕ್ಕೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಮೂರು ವರ್ಷದ ಮಹಾಶಯನೊಬ್ಬನು ತನ್ನ ಅಂಗಿಯ ಮೇಲಿನ ಗುಂಡಿಯನ್ನು ಎಲ್ಲಕ್ಕಿಂತ ಕೆಳಗಿನ ಕಾಜಾದೊಳಕ್ಕೆ ತೂರಿಸಲು ನಡೆಸುವ ಭಗೀರಥ ಪ್ರಯತ್ನವನ್ನು ನಿರ್ವಿಕಾರಚಿತ್ತಳಾಗಿ ನೋಡುತ್ತ ಕುಳಿತಿರುವುದಕ್ಕಾಗಿ ಸಂಬಳ ಕೊಡುತ್ತಾರೆ. ಸುಮ್ಮನಿರುವುದು ಸುಲಭವೆಂದು ತಿಳಿದವರು ಒಂದು ಬೆಳಗ್ಗೆ ನನ್ನ ಸ್ಥಾನದಲ್ಲಿ ಕುಳಿತು ನೋಡಬೇಕು. ಋಷಿಗಳು ತಪಸ್ಸಿಗೆ ಅರಣ್ಯವನ್ನೇ ಆರಿಸಿಕೊಂಡದ್ದೇಕೆಂಬುದು ನನಗೆ ಈಗ ಚೆನ್ನಾಗಿ ಅರ್ಥವಾಗಿದೆ; ಅಲ್ಲಿ ಹುಲಿ ಕರಡಿಗಳಿದ್ದುವೇ ಹೊರತು, ತುಂಬಿದ ಹೂಜಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಜಾರುವ ನೆಲದ ಮೇಲೆ ನಡೆದುಬರುವ ಮಕ್ಕಳಿರಲಿಲ್ಲ.

ಮೈಸೂರಿನ ಹಳೆಯ ಬಡಾವಣೆಯೊಂದರ ಹೆಂಚಿನ ಮನೆಯಲ್ಲಿ ನಡೆಯುವ ನಮ್ಮ ಶಿಶುಮಂದಿರವು ಮಾಂಟೆಸೊರಿ ಪದ್ಧತಿಯದು. ಎರಡೂವರೆ ವರ್ಷದವರಿಂದ ಆರು ವರ್ಷದವರ ತನಕ ಎಲ್ಲರೂ ಒಂದೇ ಕೊಠಡಿಯಲ್ಲಿ ಇರುತ್ತಾರೆ. ಬೆಂಚಿಲ್ಲ, ಬೆತ್ತವಿಲ್ಲ, ಪಾಠದ ವೇಳಾಪಟ್ಟಿಯೂ ಇಲ್ಲ. ಮಗುವು ತನಗೆ ಬೇಕಾದ ಉಪಕರಣವನ್ನು ಗೂಡಿನಿಂದ ತಾನೇ ತಂದು, ಚಾಪೆ ಹಾಸಿಕೊಂಡು, ಮನಸ್ಸು ತಣಿಯುವವರೆಗೆ ಅದರಲ್ಲಿ ತೊಡಗಿದ್ದು, ಮತ್ತೆ ಮೊದಲಿದ್ದಲ್ಲಿಯೇ ಇಟ್ಟುಬರಬೇಕು. ‘ಆಂಟಿ’ ಎಂದು ಕರೆಯಿಸಿಕೊಳ್ಳುವ ನಮ್ಮಂಥವರ ಕೆಲಸ, ಉಪಕರಣವನ್ನು ಬಳಸುವ ಕ್ರಮವನ್ನು ಒಮ್ಮೆ ತೋರಿಸಿಕೊಟ್ಟು ಅಲ್ಲಿಂದ ಮಾಯವಾಗುವುದು.

ಈ ಮಾಯವಾಗುವ ವಿದ್ಯೆಯನ್ನು ಲೋಕಕ್ಕೆ ಕೊಟ್ಟ ಮಾರಿಯಾ ಮಾಂಟೆಸೊರಿಯವರು ಮೂಲತಃ ವೈದ್ಯರು. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ತಾಯಿತಂದೆಯರು ಕೂಲಿಗೆ ಹೋದಾಗ ಗೋಡೆಗಳ ಮೇಲೆ ಗೀಚುತ್ತ ಅಲೆಯುತ್ತಿದ್ದ ಮಕ್ಕಳಿಗಾಗಿ ಅವರು ತಮ್ಮ ಮೊದಲ ‘ಮಕ್ಕಳ ಮನೆ’ಯನ್ನು ತೆರೆದರು. 1939ರಲ್ಲಿ ಉಪಾಧ್ಯಾಯರಿಗೆ ಶಿಕ್ಷಣ ಕೊಡಲೆಂದು ಮದರಾಸಿನ ಅಡೆಯಾರಿಗೆ ಬಂದವರು, ಎರಡನೆಯ ಮಹಾಯುದ್ಧದಲ್ಲಿ ಇಟಲಿಯು ಶತ್ರುದೇಶವಾದ ಕಾರಣ ಇಲ್ಲಿಯೇ ಸಿಕ್ಕಿಕೊಂಡು, ಅಡೆಯಾರ್, ಕೊಡೈಕಾನಲ್ ಎಂದು 1946ರವರೆಗೂ ನಮ್ಮ ದೇಶದಲ್ಲಿಯೇ ಉಳಿಯಬೇಕಾಯಿತು. ಯುದ್ಧದಿಂದ ಜಗತ್ತಿಗಾದ ಉಪಕಾರಗಳು ಹೆಚ್ಚಿಲ್ಲ. ದಕ್ಷಿಣದ ಮಕ್ಕಳಿಗೆ ಇದೊಂದು ದಕ್ಕಿತು. ಮಕ್ಕಳಿಗೆ ದಕ್ಕಿತೆಂದೆನೇ ಹೊರತು ಆಂಟಿಯರಿಗೆಂದು ನಾನು ಹೇಳಲಿಲ್ಲ.

ಉಪಕರಣಗಳಲ್ಲಿ ಗುಲಾಬಿ ಗೋಪುರವೆಂಬುದೊಂದಿದೆ. ಹತ್ತು ಸೆಂಟಿಮೀಟರಿನ ಘನದಿಂದ ಒಂದು ಸೆಂಟಿಮೀಟರಿನ ಘನದವರೆಗೆ ಹತ್ತು ಮರದ ಘನಗಳು. ದೊಡ್ಡದರ ಮೇಲೆ ಚಿಕ್ಕದನ್ನಿಡುತ್ತ ಹೋದರೆ ಗೋಪುರವಾಗುತ್ತದೆ. ತಪ್ಪಿದರೆ ಗೋಪುರವೇ ಬಿದ್ದು ತಪ್ಪನ್ನು ತೋರಿಸುತ್ತದೆ. ಆಂಟಿಯು ಬಾಯಿ ಬಿಡಬೇಕಾಗಿಲ್ಲ. ಇದು ಶಾಸ್ತ್ರ. ಆದರೆ ಗೋಪುರ ಬೀಳಲೆಂದೇ ಕಟ್ಟುವ, ಅದು ಬೀಳುವಾಗಿನ ಸದ್ದಿಗಾಗಿಯೇ ಅತ್ಯಂತ ಚಿಕ್ಕ ಘನವನ್ನು ಅಡಿಗಿಟ್ಟು, “ಆಂಟೀ, ಬಿದ್ದೋಯ್ತು!” ಎಂದು ಪರಮಾನಂದದಿಂದ ಕೂಗುವ ಬಾಲಕನಿಗೆ ಶಾಸ್ತ್ರದಲ್ಲಿ ಏನು ವಿಧಿಸಿದೆಯೋ ನಾನು ಕಾಣೆ. ಆ ಚಿಕ್ಕ ಘನದ ಸಂಚಾರವಂತೂ ಒಂದು ಪ್ರತ್ಯೇಕ ಪುರಾಣ. ಅದು ಚಡ್ಡಿಯ ಜೇಬಿನಲ್ಲಿ ಮನೆಗೆ ಹೋಗುತ್ತದೆ, ಒಗೆಯುವ ಬಟ್ಟೆಯೊಡನೆ ಮಿಂದು ಮಡಿಯಾಗುತ್ತದೆ, ಮರುದಿನ ಬುತ್ತಿಯ ಡಬ್ಬಿಯಲ್ಲಿ ಚಪಾತಿಯ ಪಕ್ಕದಲ್ಲಿ ಕುಳಿತು ಹಿಂದಿರುಗುತ್ತದೆ.

ಮಗುವು ದಾರಿ ತೋರಿಸಿದಂತೆ ನಾವು ನಡೆಯಬೇಕೆಂಬ ಮಾತು ಕೇಳಲು ಇಂಪಾಗಿದೆ; ಆದರೆ ಮಗುವು ಒಂದೇ ದಾರಿಯಲ್ಲಿ ವಾರಗಟ್ಟಲೆ ಹಿಂದೆಮುಂದೆ ನಡೆದರೆ? ನಮ್ಮಲ್ಲೊಬ್ಬಳು ಹುಡುಗಿ ಬಂದೊಡನೆ ಅಡ್ಡಬಟ್ಟೆ ಕಟ್ಟಿಕೊಂಡು ಮೇಜು ತೊಳೆಯತೊಡಗುವಳು. ಉಜ್ಜಿ, ಒರಸಿ, ಒಣಗಿದ್ದನ್ನು ಪರೀಕ್ಷಿಸಿ, ತೃಪ್ತಿಯಿಂದ ತಲೆದೂಗಿ, ಮತ್ತೆ ನೀರು ತರಲು ಹೊರಡುವಳು. ಮೇಜಿನ ಬಣ್ಣ ಹೋಗಿ ಮರ ಕಂಡಿತು. ಅವಳ ಉತ್ಸಾಹ ಮಾತ್ರ ಎಳ್ಳಷ್ಟೂ ಮಾಸಲಿಲ್ಲ. ವಿಷಯ ತಿಳಿದ ತಾಯಿ ಬಂದು ಕೇಳಿದರು: “ಅಲ್ಲಾ ಮೇಡಂ, ಮನೇಲಿ ಕುಡಿದ ಲೋಟ ಎತ್ತಿಡಲ್ಲ ಇವಳು. ಇಲ್ಲಿ ಮೇಜು ತೊಳೆಯೋದಕ್ಕೆ ನಾವು ಫೀಸು ಕಟ್ಟಬೇಕಾ?” ಪ್ರಶ್ನೆ ನ್ಯಾಯವಾದದ್ದೇ. ರೋಮಿನ ಶಾಲೆಯಲ್ಲಿ ಮೂರು ವರ್ಷದ ಬಾಲೆಯೊಬ್ಬಳು ಮರದ ದಿಂಡುಗಳನ್ನು ಕುಳಿಗಳಲ್ಲಿ ಕೂರಿಸುವ ಕೆಲಸವನ್ನು ನಲವತ್ತಕ್ಕೂ ಹೆಚ್ಚು ಸಲ ಮಾಡಿದಳೆಂದೂ, ಅವಳನ್ನು ಕುರ್ಚಿಸಹಿತ ಎತ್ತಿ ಮೇಜಿನ ಮೇಲಿಟ್ಟು ಸುತ್ತಲೂ ಮಕ್ಕಳಿಂದ ಹಾಡಿಸಿದರೂ ಅವಳ ಏಕಾಗ್ರತೆ ಕದಲಲಿಲ್ಲವೆಂದೂ ನಾನು ವಿವರಿಸಿದೆ. ಆಕೆ ಶಾಂತವಾಗಿ ಕೇಳಿಕೊಂಡು, “ಅವರಮ್ಮ ಫೀಸು ಕಟ್ಟಿದ್ದರಾ?” ಎಂದರು.

ಮಾಗಿಯ ಚಳಿಯಲ್ಲಿ ಅವರೆಕಾಯಿಯ ಕಾಲ ಬಂದಾಗ ನಮ್ಮ ಕೊಠಡಿಗೆ ನಿಜವಾದ ಕಳೆ ಬರುತ್ತದೆ. ಬೆರಳುಗಳ ಚಾತುರ್ಯವನ್ನು ಬೆಳೆಸಲು ವಿದೇಶದಿಂದ ಉಪಕರಣ ತರಿಸುವವರು ತರಿಸಲಿ. ಸೊಗಡಿನ ಅವರೆಕಾಯಿ ಸುಲಿದು, ಕಾಳನ್ನು ನೆನೆಹಾಕಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿತಕುವುದಕ್ಕಿಂತ ಮಿಗಿಲಾದ ಅಭ್ಯಾಸವನ್ನು ಯಾವ ಶಿಕ್ಷಣತಜ್ಞನೂ ಕಂಡುಹಿಡಿದಿಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ. ಸಿಪ್ಪೆಯು ಕೈಯಲ್ಲುಳಿದು ಬೇಳೆಯು ಪಾತ್ರೆಗೆ ಬೀಳಬೇಕೆಂಬುದು ನಿಯಮ. ಆದರೆ ನಾಲ್ಕು ವರ್ಷದ ಬೆರಳಿಗೆ ಒತ್ತುವ ಶಕ್ತಿ ಬರುವುದು ಮೊದಲು, ಗುರಿ ಬರುವುದು ಆಮೇಲೆ. ಬೇಳೆಯೊಂದು ನೆಗೆದು ಲೆಕ್ಕದ ಹೊಂಬಣ್ಣದ ಮಣಿಗಳ ನಡುವೆ ಬಿತ್ತು. ಅಲ್ಲಿ ಒಂಬೈನೂರ ತೊಂಬತ್ತೊಂಬತ್ತರವರೆಗೆ ಮುಟ್ಟಿದ್ದ ಹಿರಿಯ ವಿದ್ಯಾರ್ಥಿಯು ಹಿಂದುಮುಂದು ನೋಡದೆ ಅದನ್ನೂ ಸೇರಿಸಿ ಸಾವಿರವೆಂದು ಘೋಷಿಸಿದನು. ಇನ್ನೊಂದು ನನ್ನ ಕನ್ನಡಕಕ್ಕೆ ತಗುಲಿತು. ಹಿತಕಿದವಳು ಎದ್ದು ಬಂದು, ಕನ್ನಡಕವನ್ನು ತನ್ನ ಲಂಗದ ಅಂಚಿನಿಂದ ಒರಸಿ, “ಪರವಾಗಿಲ್ಲ ಆಂಟಿ, ಅಳಬೇಡಿ” ಎಂದು ಸಂತೈಸಿ ಹೋದಳು. ಅವಳು ಬಿದ್ದಾಗಲೆಲ್ಲ ನಾನು ಆಡುತ್ತಿದ್ದ ಮಾತು ಅದು, ಧಾಟಿಯೂ ನನ್ನದೇ.

ಮೌನದ ಆಟವೆಂಬುದು ಇನ್ನೊಂದು. ಕಣ್ಣು ಮುಚ್ಚಿ, ಮೈ ಅಲುಗಿಸದೆ, ದೂರದ ಸದ್ದುಗಳನ್ನು ಆಲಿಸಬೇಕು. ರೋಮಿನ ಮಕ್ಕಳು ಗಡಿಯಾರದ ಸದ್ದನ್ನು ಆಲಿಸಿದರಂತೆ. ನಮ್ಮವರ ಕಿವಿ ಅದಕ್ಕಿಂತ ಸೂಕ್ಷ್ಮವಾದದ್ದು. ಕಣ್ಣು ತೆರೆದೊಡನೆ ಒಬ್ಬನು, “ಪಕ್ಕದ್ಮನೆ ಕುಕ್ಕರು ಐದು ಸಲ ಕೂಗ್ತು. ನಮ್ಮಜ್ಜಿ ಮೂರಕ್ಕೇ ಇಳಿಸಿಬಿಡ್ತಾರೆ” ಎಂದನು. ಉಳಿದವರೂ ತಂತಮ್ಮ ಮನೆಯ ಕೂಗುಗಳ ಸಂಖ್ಯೆಯನ್ನು ಮುಂದಿಡಲಾಗಿ, ಮೌನದ ಪಾಠವು ಆ ಬೆಳಗ್ಗಿನ ಅತ್ಯಂತ ಗದ್ದಲದ ಪಾಠವಾಯಿತು.

ಒಮ್ಮೆ ಒಬ್ಬ ತಾತನವರು ಮೊಮ್ಮಗನನ್ನು ಬಿಡಲು ಬಂದವರು ಹೊಸ್ತಿಲಲ್ಲಿ ನಿಂತು, ನೆಲದ ಮೇಲೆ ಕುಳಿತಿದ್ದ ನನ್ನನ್ನೇ, “ಇಲ್ಲಿ ಪಾಠ ಮಾಡೋರು ಯಾರಮ್ಮ?” ಎಂದು ವಿಚಾರಿಸಿದರು. ಉಪ್ಪುಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ ‘ಅ’ ಅಕ್ಷರವನ್ನು ಮೊಮ್ಮಗನು ಬೆರಳಿನಿಂದ ಸವರುತ್ತಿದ್ದುದನ್ನು ಕಂಡು ಅವರು ತಾವೂ ಬೆರಳಾಡಿಸಿ ನೋಡಿದರು. ಅವರ ತಂದೆಯವರು ಕೂಲಿಮಠದಲ್ಲಿ ಮರಳಿನ ಮೇಲೆ ಹೀಗೆಯೇ ತಿದ್ದಿದ್ದರಂತೆ. ಅಲ್ಲಿ ಅಕ್ಷರ ತಪ್ಪಿದವರಿಗೆ ಕೋದಂಡವೂ ಇತ್ತೆಂದು ಹೇಳಿ, ಇಲ್ಲಿ ಅದರ ಏರ್ಪಾಡು ಕಾಣದೆ ತುಸು ನಿರಾಶರಾದಂತೆ ತೋರಿತು. ಪೆಟ್ಟಿಲ್ಲದೆ ಅಕ್ಷರ ಹತ್ತುವುದನ್ನು ಅವರು ಒಪ್ಪಿದರೆಂದು ನಾನು ಹೇಳಲಾರೆ. ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತವಾಯಿತು: ಇಟಲಿಯವರಿಗೆ ತಿದ್ದಲು ಅಕ್ಷರಗಳು ಇಪ್ಪತ್ತೊಂದು; ನಮಗೆ ನಲವತ್ತೊಂಬತ್ತು. ಬಳಿಕ ಕಾಗುಣಿತ, ಆಮೇಲೆ ಒತ್ತಕ್ಷರ. ಆ ಮಹಾತಾಯಿ ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಹುಟ್ಟಿದ್ದರೆ ತಾಳ್ಮೆಯ ಬಗೆಗೆ ಇನ್ನೂ ಎರಡು ಅಧ್ಯಾಯ ಬರೆಯುತ್ತಿದ್ದರೆಂದು ನನ್ನ ನಂಬಿಕೆ.

ಮಧ್ಯಾಹ್ನ ಬಾಗಿಲಲ್ಲಿ ಕಾದಿರುವ ಹಿರಿಯರು ಮಕ್ಕಳನ್ನು ಮೊದಲು ಕೇಳುವುದು, “ಇವತ್ತು ಏನು ಹೇಳಿಕೊಟ್ಟರು?” ಎಂದು. ಮಕ್ಕಳು ಸತ್ಯಸಂಧರು, “ಏನೂ ಇಲ್ಲ” ಎನ್ನುತ್ತಾರೆ. ಆ ಉತ್ತರದಿಂದ ನನ್ನ ಉದ್ಯೋಗಕ್ಕೆ ಬರಬಹುದಾದ ಕುತ್ತನ್ನು ನೆನೆದು, ವಾಚಕರಲ್ಲಿ ಯಾರಾದರೂ ಇಂಥ ಮಕ್ಕಳ ತಾಯಿತಂದೆಯರಿದ್ದರೆ ಅವರಲ್ಲಿ ನನ್ನ ಬಿನ್ನಹವಿಷ್ಟೆ: ಕೇಳುವುದಾದರೆ, “ಇವತ್ತು ಏನು ಮಾಡಿದೆ?” ಎಂದು ಕೇಳಿ, ಮತ್ತು ಉತ್ತರ ಮುಗಿಯುವವರೆಗೆ ಸ್ಕೂಟರನ್ನು ಚಾಲೂ ಮಾಡಬೇಡಿ. ಬೆಳಗ್ಗೆ ಅಂಗಿಯ ಗುಂಡಿಗಳನ್ನು ಅವರೇ ಹಾಕಿಕೊಳ್ಳಲಿ. ಅದರಿಂದಾಗುವ ವಿಳಂಬವನ್ನು ನಾವು ಎಣಿಸುವುದಿಲ್ಲ. ಚೀಲದಲ್ಲಿ ಒಂದು ಜೊತೆ ಒಣಬಟ್ಟೆಯಿರಲಿ. ಚಿಕ್ಕ ಗುಲಾಬಿ ಘನವು ಮನೆಯಲ್ಲೆಲ್ಲಾದರೂ ಕಂಡರೆ ದಯಮಾಡಿ ಕಳುಹಿಸಿಕೊಡಿ.